ಹೊಳೆ ಬತ್ತಿದ ಊರಿನ ಮಣ್ಣಿನ ಗೋಡೆಗಳು

ಅಮೆರಿಕದ ಅರಿಜೋನಾ ರಾಜ್ಯದ ಫ್ಲಾರೆನ್ಸ್ ಪಟ್ಟಣದ ಕೋರ್ಟಿನ ಗೋಪುರದಲ್ಲಿ ಯಾವಾಗ ನೋಡಿದರೂ 11 ಗಂಟೆ 44 ನಿಮಿಷ. 1891ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ನಿಜವಾದ ಗಡಿಯಾರಕ್ಕೆ ದುಡ್ಡು ಸಾಲದೆ, ಮುಳ್ಳುಗಳನ್ನು ಬಣ್ಣದಲ್ಲಿ ಬರೆದುಬಿಟ್ಟರು. ಬಂದವರೆಲ್ಲ ಇದರ ಫೋಟೊ ತೆಗೆದುಕೊಳ್ಳುತ್ತಾರೆ. ಆದರೆ ಊರಿನ ಕಥೆ ಇರುವುದು ಸುತ್ತಲಿನ ಬೀದಿಗಳ ಮಣ್ಣಿನ ಗೋಡೆಗಳಲ್ಲಿ.

ಇಲ್ಲಿಯ ಹೊಳೆ ಹೀಲಾ. ಅದರ ನೀರನ್ನು ಕಾಲುವೆ ತೋಡಿ ಮರುಭೂಮಿಗೆ ತಿರುಗಿಸಿದ ಮೊದಲಿಗರು ಹೊಹೊಕಮ್ ಜನ. ಅವರು 14ನೇ ಶತಮಾನದಲ್ಲಿ ಸುಣ್ಣ ಬೆರೆತ ಗಟ್ಟಿಮಣ್ಣಿನಿಂದ ಎಬ್ಬಿಸಿದ ನಾಲ್ಕು ಅಂತಸ್ತಿನ ಕಾಸಾ ಗ್ರಾಂಡೆ ಹತ್ತಿರದಲ್ಲೇ ನಿಂತಿದೆ. 1892ರಲ್ಲಿ ಅಮೆರಿಕ ಸರ್ಕಾರ ಕಾದಿರಿಸಿದ ಮೊದಲ ಪ್ರಾಚೀನ ನೆಲೆ ಇದೇ. ಆಮೇಲೆ ಅದೇ ಹೊಳೆಯ ದಂಡೆಯಲ್ಲಿ ಗೋಧಿ, ಮೆಕ್ಕೆಜೋಳ ಬೆಳೆದು ಬಾಳಿದವರು ಅಕಿಮೆಲ್ ಓಡಮ್ ಜನ. ಆ ಹೆಸರಿನ ಅರ್ಥವೇ ಹೊಳೆಯವರು ಎಂದು.

ಈ ಹೊಳೆಯ ಬಳಿಯೇ ಲೆವಿ ರಗಲ್ಸ್ ಎಂಬ ವಲಸಿಗ 1866ರಲ್ಲಿ ಫ್ಲಾರೆನ್ಸ್ ಪಟ್ಟಣಕ್ಕೆ ಅಡಿಪಾಯ ಹಾಕಿದ. 1875ರಲ್ಲಿ ಸಿಲ್ವರ್ ಕಿಂಗ್ ಬೆಳ್ಳಿ ಗಣಿ ಸಿಕ್ಕಿತು, ಊರು ಕೌಂಟಿ ಕೇಂದ್ರವಾಯಿತು, ಮನೆಗಳು ಎದ್ದವು.

ಆ ಮನೆಗಳನ್ನು ನಿಧಾನವಾಗಿ ನೋಡಬೇಕು. ಮೊದಲ ತಲೆಮಾರಿನವು ಮೆಕ್ಸಿಕೊದ ಸೊನೋರಾ ರೀತಿಯವು: ಮಣ್ಣಿಗೆ ಹುಲ್ಲು ಕಲಸಿ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಮೊಳದಗಲದ ಗೋಡೆ, ಅಂಗಳವಿಲ್ಲದೆ ನೇರ ಬೀದಿಗೆ ತೆರೆಯುವ ಬಾಗಿಲು. ಮೇಲೆ ಮರದ ಜಂತೆ, ಜಂತೆಯ ಮೇಲೆ ಸಗ್ವಾರೊ ಕಳ್ಳಿಯ ಒಣಗಿದ ಕಡ್ಡಿಗಳು, ಅದರ ಮೇಲೆ ಮಣ್ಣಿನ ಮಾಳಿಗೆ. ರೈಲು ಊರನ್ನು ಬಿಟ್ಟು ದೂರ ಹಾದರೂ ಮರ, ತಗಡು ಸುಲಭವಾಗಿ ಸಿಗತೊಡಗಿದವು. ಅದೇ ಮಣ್ಣಿನ ಗೋಡೆಗಳ ಮೇಲೆ ಇಳಿಜಾರು ಚಾವಣಿ ಬಂತು, ಸುತ್ತ ಪಡಸಾಲೆ ಬಂತು. 1878ರ ಮೊದಲ ಕೋರ್ಟು ಈ ಬೆರಕೆಯ ಒಳ್ಳೆಯ ಮಾದರಿ. 1891ರದು ಪೂರ್ತಿ ಸುಟ್ಟ ಇಟ್ಟಿಗೆ. ಚಾವಣಿ ನೋಡಿ ಮನೆಯ ಕಾಲ ಹೇಳಬಹುದಾದ ಊರು ಇದು.

ಊರು ಹೀಗೆ ಬೆಳೆಯುವಾಗಲೇ ಮೇಲ್ದಂಡೆಯ ವಲಸಿಗರ ಕಾಲುವೆಗಳು ಹೀಲಾವನ್ನು ಹೀರಿದವು. ಹೊಳೆಯವರ ಹೊಲಗಳು ಒಣಗಿ, ತಲೆಮಾರುಗಳ ಕಾಲ ಅವರು ಹಸಿವು ಕಂಡರು. ಫ್ಲಾರೆನ್ಸಿನ ಏಳಿಗೆಯನ್ನು ಹೇಳುವಾಗ ಈ ಅನ್ಯಾಯವನ್ನು ಬಿಟ್ಟು ಹೇಳಬಾರದು. ಹೀಲಾಗೆ ಅಡ್ಡಲಾಗಿ ಕಟ್ಟಿ 1930ರಲ್ಲಿ ಉದ್ಘಾಟಿಸಿದ ಕೂಲಿಜ್ ಅಣೆಕಟ್ಟೂ ಅದನ್ನು ಪೂರ್ತಿ ಸರಿಪಡಿಸಲಿಲ್ಲ. ಅವರ ನೀರಿನ ಹಕ್ಕು ಕಾನೂನಾಗಿ ಇತ್ಯರ್ಥವಾದದ್ದು 2004ರಲ್ಲಿ.

ಇತ್ತ ಊರಿನಲ್ಲಿ ಬಹಳ ಹಿಂದೆಯೇ ಬೆಳ್ಳಿಯೂ ಮುಗಿದಿತ್ತು. 1909ರ ಹೊತ್ತಿಗೆ ಯೂಮಾ ಪಟ್ಟಣದಿಂದ ಇಲ್ಲಿಗೆ ಬಂದ ಸೆರೆಮನೆಯೇ ಊರಿನ ಅನ್ನವಾಯಿತು. ಹೊಸದು ಕಟ್ಟುವ ಅವಸರ ಇಲ್ಲದ್ದರಿಂದ ಹಳೆಯದು ಉಳಿಯಿತು. ಸೆನೆಟರ್, ಗವರ್ನರ್ ಆಗಿದ್ದ ಅರ್ನೆಸ್ಟ್ ಮ್ಯಾಕ್‌ಫಾರ್ಲೆಂಡ್ ಮೊದಲ ಕೋರ್ಟನ್ನು ಕೊಂಡು 1974ರಲ್ಲಿ ರಾಜ್ಯಕ್ಕೆ ಕೊಟ್ಟರು. 1982ರಲ್ಲಿ ಹಳೆಯ ಪೇಟೆಯೇ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆ ನಿಲ್ಲುವುದಿಲ್ಲ. ಹಸಿ ಇಟ್ಟಿಗೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಬುಡ ಕರಗುತ್ತದೆ. ಮಣ್ಣಿಗೆ ಮಣ್ಣೇ ಮದ್ದು, ಅದೂ ವರ್ಷವರ್ಷವೂ ಮೆತ್ತುವ ಕೈ ಬೇಕು. ಕೋರ್ಟಿಗೆ ಸಿಗುವ ಆರೈಕೆ ಸೊನೋರಾ ರೀತಿಯ ಮನೆಗಳಿಗೂ ಸಿಗಬೇಕು.

ಫೀನಿಕ್ಸ್‌ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಊರು ನೂರು ಕಿಲೋಮೀಟರ್‌ನಷ್ಟು ದೂರ. ಚಳಿಗಾಲದ ಒಂದು ಬೆಳಗ್ಗೆ ಹೋಗಿ, ಗಡಿಯಾರ ನೋಡಿದ ಮೇಲೆ ಹಿಂದಿನ ಬೀದಿಗಳಿಗೂ ಕಾಲಿಡಿ.