ದಂಡುಪಾಳ್ಯದ ಹೆಸರು, ಒಯಿವಾಳ ಮುಖ: ಜಪಾನಿ ಭೀತಿಚಿತ್ರಗಳ ಹಿಂಸೆಯ ಎದುರಿಗೆ ಒಂದು ಕನ್ನಡ ಚಿತ್ರ

ಹಲಸೂರು, ಇಂದಿರಾನಗರ, ಕೆ.ಆರ್. ಪುರಂ ದಾಟಿದ ಹಳೇ ಮದ್ರಾಸ್ ರಸ್ತೆ ಹೊಸಕೋಟೆ ಸೇರುತ್ತದೆ. ಆ ತಾಲ್ಲೂಕಿನದೊಂದು ಹಳ್ಳಿ ದಂಡುಪಾಳ್ಯ. 1990ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಒಂಟಿ ಮನೆಗಳಿಗೆ ನುಗ್ಗಿ ಕೊಲೆ, ಅತ್ಯಾಚಾರ, ದರೋಡೆ ನಡೆಸಿದ ತಂಡಕ್ಕೆ ಈ ಊರಿನ ಹೆಸರೇ ಅಂಟಿಕೊಂಡಿತು. 2012ರಲ್ಲಿ ಶ್ರೀನಿವಾಸ ರಾಜು ಅದೇ ಹೆಸರಿನಲ್ಲಿ ಚಿತ್ರ ಮಾಡಿದರು. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ ತಂಡದವರಾಗಿ, ರವಿಶಂಕರ್ ಪೊಲೀಸ್ ಅಧಿಕಾರಿಯಾಗಿ ನಟಿಸಿದ ಈ ಚಿತ್ರ ಚೆನ್ನಾಗಿ ಓಡಿತು. ಕನ್ನಡ ತೆರೆಯ ಮೇಲಿನ ಹಿಂಸೆಯ ಮಾತು ಬಂದಾಗೆಲ್ಲ ಇದರ ಹೆಸರೂ ಬರುತ್ತದೆ. ಮಾತು ಸಾಮಾನ್ಯವಾಗಿ ರಕ್ತ ಎಷ್ಟಿತ್ತು ಎಂಬಲ್ಲಿಗೇ ನಿಲ್ಲುತ್ತದೆ. ಜಪಾನಿ ಭೀತಿಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಕೇಳಬೇಕಾದ ಪ್ರಶ್ನೆಗಳು ಬೇರೆ ಎಂದು ನನ್ನ ಅಭಿಪ್ರಾಯ: ತೆರೆಯ ಮೇಲೆ ಹೊತ್ತು ಸಿಗುವುದು ಯಾರ ನೋವಿಗೆ? ಬಳಕೆಯಾಗುವುದು ಯಾರ ಹೆಸರು?

ಮೊದಲ ಪ್ರಶ್ನೆಗೆ ಹಳೆಯ ಆಧಾರವಿದೆ. ತ್ಸುರುಯಾ ನಾನ್‌ಬೊಕು 1825ರಲ್ಲಿ ರಂಗಕ್ಕೆ ತಂದ ಕಬುಕಿ ನಾಟಕ ‘ಯೊತ್ಸುಯಾ ಕೈದಾನ್’. ಗಂಡ ಸಿರಿವಂತರ ಮನೆಯ ಹುಡುಗಿಯನ್ನು ಕಟ್ಟಿಕೊಳ್ಳಲು ದಾರಿಯಾಗಲೆಂದು ನಾಟಕದ ನಾಯಕಿ ಒಯಿವಾಳಿಗೆ ಔಷಧದ ಹೆಸರಿನಲ್ಲಿ ವಿಷ ಸಿಗುತ್ತದೆ. ಮುಖ ವಿರೂಪವಾಗುತ್ತದೆ. ಅವಳು ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಾಳೆ, ಕೂದಲು ಕಂತೆಕಂತೆಯಾಗಿ ಕಿತ್ತು ಬರುತ್ತದೆ. ಇಡೀ ನಾಟಕದಲ್ಲಿ ಪ್ರೇಕ್ಷಕರ ಎದೆ ನಡುಗಿಸುವುದು ಈ ನಿಧಾನವಾದ ದೃಶ್ಯ, ಮತ್ತು ಅದು ಪೂರ್ತಿಯಾಗಿ ಒಯಿವಾಳದು. ಸತ್ತ ಮೇಲೂ ಅವಳು ಸುಮ್ಮನಾಗುವುದಿಲ್ಲ, ಗಂಡನನ್ನು ಬಿಡುವುದೂ ಇಲ್ಲ. 1959ರಲ್ಲಿ ಈ ಕಥೆಯನ್ನು ತೆರೆಗೆ ತಂದ ನೊಬುವೊ ನಾಕಾಗಾವಾ ಮರುವರ್ಷವೇ ‘ಜಿಗೊಕು’ ಮಾಡಿ, ನರಕದಲ್ಲಿ ಪಾಪಿಗಳ ಚರ್ಮ ಸುಲಿಯುವುದನ್ನೂ ಮೈ ಕೊಯ್ಯುವುದನ್ನೂ ಬಣ್ಣದಲ್ಲಿ ತೋರಿಸಿದರು. 1998ರ ‘ರಿಂಗು’ವಿನಲ್ಲಿ ಬಾವಿಗೆ ತಳ್ಳಿಸಿಕೊಂಡ ಸಾದಾಕೊ ಒಯಿವಾಳ ವಂಶದವಳೇ. ಹಿದೆಯೊ ನಾಕಾತಾ ಅಲ್ಲಿ ರಕ್ತವನ್ನು ಬಹುಮಟ್ಟಿಗೆ ದೂರವಿಟ್ಟರು. ತಕಾಶಿ ಮೀಕೆಯ ‘ಆಡಿಷನ್’ (1999) ಹಾಗಲ್ಲ, ಸೂಜಿ ಚುಚ್ಚುವ, ತಂತಿಯಿಂದ ಪಾದ ಕೊಯ್ಯುವ ಅದರ ಕೊನೆಯ ಭಾಗ ನೋಡುವುದು ಕಷ್ಟ. ಆದರೆ ಈ ಹಿಂಸೆ ನಡೆಸುವ ಅಸಾಮಿ ಬಾಲ್ಯದಲ್ಲಿ ಅನುಭವಿಸಿದ ಕ್ರೌರ್ಯವನ್ನೂ, ಚಿತ್ರಕ್ಕೆ ನಟಿ ಬೇಕೆಂಬ ನೆಪದಲ್ಲಿ ತನಗೆ ಹೆಂಡತಿ ಆರಿಸಿಕೊಳ್ಳಲು ಹೊರಟ ಗಂಡಸಿನ ಮೋಸವನ್ನೂ ಚಿತ್ರ ಅಷ್ಟು ಹೊತ್ತಿಗೆ ನಮ್ಮ ಮುಂದೆ ಇಟ್ಟಾಗಿರುತ್ತದೆ.

ಕನ್ನಡಕ್ಕೂ ಈ ದಾರಿ ಹೊಸದಲ್ಲ. ‘ಆಪ್ತಮಿತ್ರ’ದ (2004) ನಾಗವಲ್ಲಿ, ರಾಜನ ಕೈಯಲ್ಲಿ ಪ್ರಿಯಕರನನ್ನೂ ಪ್ರಾಣವನ್ನೂ ಕಳೆದುಕೊಂಡ ನರ್ತಕಿ. ಅವಳ ಸಿಟ್ಟಿಗೆ ಕಾರಣವಿದೆ ಎಂದು ಪ್ರೇಕ್ಷಕರು ಒಪ್ಪಿಕೊಂಡೇ ಹೆದರುತ್ತಾರೆ.

‘ದಂಡುಪಾಳ್ಯ’ದಲ್ಲಿ ಸತ್ತವರು ಹೀಗೆ ಮರಳುವುದಿಲ್ಲ. ದೆವ್ವದ ಕಥೆಯಲ್ಲದ ಮೇಲೆ ಮರಳಬೇಕೆಂದೂ ಇಲ್ಲ. ನನ್ನ ಆಕ್ಷೇಪ ಅವರು ಬದುಕಿದ್ದಾಗ ಸಿಗುವ ಹೊತ್ತಿನ ಬಗ್ಗೆ. ರಘು ಮುಖರ್ಜಿ, ಪ್ರಿಯಾಂಕಾ ಕೊಠಾರಿ ಅಭಿನಯಿಸಿದ ದಂಪತಿಯನ್ನು ಬಿಟ್ಟರೆ ಉಳಿದ ಬಲಿಪಶುಗಳು ಬಾಗಿಲು ತೆರೆಯುತ್ತಾರೆ, ಸಾಯುತ್ತಾರೆ. ಕ್ಯಾಮೆರಾ ಕೊಂದವರ ಜತೆ ಹೊರಟುಬಿಡುತ್ತದೆ. ಜಪಾನಿನಲ್ಲೂ ಇಂಥ ಕವಲು ಇದೆ. ಕೋಜಿ ಶಿರಾಯಿಶಿಯ ‘ಗ್ರೊಟೆಸ್ಕ್’ ಚಿತ್ರಕ್ಕೆ ಬ್ರಿಟನ್ನಿನ ಚಲನಚಿತ್ರ ವರ್ಗೀಕರಣ ಮಂಡಳಿ 2009ರಲ್ಲಿ ಪ್ರಮಾಣಪತ್ರವನ್ನೇ ನಿರಾಕರಿಸಿತು. ಕಥೆಯಾಗಲಿ ಪಾತ್ರದ ಬೆಳವಣಿಗೆಯಾಗಲಿ ಹೆಚ್ಚೇನೂ ಇಲ್ಲದೆ ಚಿತ್ರಹಿಂಸೆಯೊಂದೇ ಏರುತ್ತ ಹೋಗುತ್ತದೆ ಎಂಬುದು ಅದರ ತಕರಾರಿನ ತಿರುಳು. ‘ದಂಡುಪಾಳ್ಯ’ವನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಅದರಲ್ಲಿ ಕಥೆಯಿದೆ, ತನಿಖೆಯಿದೆ, ನಟರ ಶ್ರಮವಂತೂ ಎದ್ದು ಕಾಣುತ್ತದೆ.

ಎರಡನೆಯ ಪ್ರಶ್ನೆಗೆ ಸರಿಜೋಡಿಯಾಗಿ ನಿಲ್ಲುವುದು ಸಿಯೊನ್ ಸೊನೊ ಅವರ ‘ಕೋಲ್ಡ್ ಫಿಶ್’ (2010). ಅದರ ಮೂಲವೂ ನಿಜವಾದ ಸರಣಿ ಕೊಲೆ. ಸೈತಾಮಾ ಪ್ರಾಂತದಲ್ಲಿ ನಾಯಿ ಮಾರುತ್ತಿದ್ದ ದಂಪತಿ 1993ರಲ್ಲಿ ನಡೆಸಿದ ಕೊಲೆಗಳವು. ಹೆಣಗಳನ್ನು ತುಂಡರಿಸಿ ಇಲ್ಲವಾಗಿಸುವ ದೃಶ್ಯಗಳಲ್ಲಿ ಸೊನೊ ಏನನ್ನೂ ಮರೆಮಾಡುವುದಿಲ್ಲ. ರಕ್ತದ ಲೆಕ್ಕದಲ್ಲಿ ಇದರ ಮುಂದೆ ‘ದಂಡುಪಾಳ್ಯ’ ಸೌಮ್ಯ. ಆದರೂ ಸೊನೊ ನಾಯಿ ವ್ಯಾಪಾರವನ್ನು ಮೀನಿನ ಅಂಗಡಿ ಮಾಡಿದರು, ಊರು ಬದಲಿಸಿ ಶಿಜುವೊಕಾಗೆ ಒಯ್ದರು, ಹೆಸರುಗಳನ್ನೆಲ್ಲ ಬಿಟ್ಟರು. ಅಪರಾಧಕ್ಕೆ ಮೆಲ್ಲಗೆ ಪಾಲುದಾರನಾಗುವ ಸಾಮಾನ್ಯ ಅಂಗಡಿಯವನೊಬ್ಬನನ್ನು ನಡುವೆ ಇಟ್ಟರು. ನಮ್ಮ ಚಿತ್ರ ಜನ ವಾಸಿಸುವ ಹಳ್ಳಿಯ ಹೆಸರನ್ನೇ ಶೀರ್ಷಿಕೆ ಮಾಡಿಕೊಂಡಿತು. ಆ ತಂಡದೊಂದಿಗೆ ಸಂಬಂಧವೇ ಇಲ್ಲದ ಒಕ್ಕಲುಗಳು, ಶಾಲೆಗೆ ಹೋಗುವ ಮಕ್ಕಳು ಅಲ್ಲಿಯವರೇ. ಇದು ನನಗೆ ತೆರೆಯ ಮೇಲಿನ ಯಾವ ದೃಶ್ಯಕ್ಕಿಂತಲೂ ಗಂಭೀರವಾದ ಗಾಯವಾಗಿ ಕಾಣುತ್ತದೆ.

ಚಿತ್ರ ಪ್ರಮಾಣೀಕರಣದ ನಿಯಮಗಳು ಈ ಎರಡು ಪ್ರಶ್ನೆಗಳ ಅರ್ಧವನ್ನು ಮಾತ್ರ ಮುಟ್ಟುತ್ತವೆ. ಕೆ.ಎ. ಅಬ್ಬಾಸ್ ಮೊಕದ್ದಮೆಯಲ್ಲಿ (1970) ಸುಪ್ರೀಂ ಕೋರ್ಟ್ ಸೆನ್ಸಾರ್ ವ್ಯವಸ್ಥೆಯನ್ನು ಎತ್ತಿಹಿಡಿಯುತ್ತಲೇ, ಕತ್ತರಿ ಬೀಳಬೇಕಾದದ್ದು ವಸ್ತುವಿಗಲ್ಲ, ಅದನ್ನು ನಿರ್ವಹಿಸಿದ ರೀತಿ ನೋಡಬೇಕು ಎಂದಿತು. 1991ರ ಮಾರ್ಗಸೂಚಿ ಅನಗತ್ಯ ಹಿಂಸೆ, ಕ್ರೌರ್ಯ, ಭೀತಿಯ ದೃಶ್ಯಗಳು ಬೇಡ ಎಂದಿತು. ರಂಜನೆಯೇ ಗುರಿಯಾದ, ನೋಡುವವರ ಸಂವೇದನೆಯನ್ನು ಮರಗಟ್ಟಿಸುವ ಹಿಂಸೆಯನ್ನೂ ಬೇಡವೆಂದಿತು. ಚಿತ್ರವನ್ನು ಇಡಿಯಾಗಿ ನೋಡಬೇಕೆಂದೂ ಹೇಳಿತು. ಇವು ಒಳ್ಳೆಯ ಮಾತುಗಳು, ‘ಆಡಿಷನ್’ನಂಥ ಚಿತ್ರವನ್ನು ಕಾಪಾಡಬಲ್ಲ ಮಾತುಗಳು. ‘ಎ’ ಪತ್ರ ಹದಿನೆಂಟು ತುಂಬದವರನ್ನು ಚಿತ್ರಮಂದಿರದ ಹೊರಗೆ ನಿಲ್ಲಿಸುತ್ತದೆ, ಸರಿ. ಆದರೆ ಪೋಸ್ಟರ್ ಮೇಲಿನ ಊರಿನ ಹೆಸರು ಎಲ್ಲ ವಯಸ್ಸಿನವರಿಗೂ ಕಾಣುತ್ತದೆ.

ಮುಂದಿನ ಭಾಗಗಳು ಈ ಚರ್ಚೆಗೆ ಅನಿರೀಕ್ಷಿತ ಸಾಮಗ್ರಿ ಒದಗಿಸುತ್ತವೆ. 2017ರ ಕನ್ನಡ ಚಿತ್ರದ ಶೀರ್ಷಿಕೆ ಬರೀ ‘2’, ಮರುವರ್ಷದ್ದು ‘3’. ಹಳ್ಳಿಯ ಹೆಸರಿಲ್ಲದೆಯೂ ಚಿತ್ರ ಬಿಡುಗಡೆ ಮಾಡಬಹುದು ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು. ‘2’ರಲ್ಲಿ ಪತ್ರಕರ್ತೆಯೊಬ್ಬಳು (ಶ್ರುತಿ ಹರಿಹರನ್) ತಂಡದವರ ಪರವಾದ ಕಥನವನ್ನು ಕೇಳಲು ಹೊರಡುತ್ತಾಳೆ. ಹಿಂಸೆ ಈಗ ಪೊಲೀಸ್ ವಶದಲ್ಲಿರುವ ಆರೋಪಿಗಳ ಮೈಮೇಲೆ ನಡೆಯುತ್ತದೆ, ಕ್ಯಾಮೆರಾ ಆ ನೋವಿನ ಮುಂದೆ ಬಹಳ ಹೊತ್ತು ನಿಲ್ಲುತ್ತದೆ. ಠಾಣೆಯೊಳಗಿನ ಚಿತ್ರಹಿಂಸೆಯನ್ನು ಪ್ರಶ್ನಿಸುವುದು ಅಗತ್ಯವೇ. ಆದರೆ ಒಂಟಿ ಮನೆಗಳಲ್ಲಿ ಸತ್ತವರಿಗೆ ಮೊದಲ ಚಿತ್ರ ಕೊಡದೆ ಹೋದ ಹೊತ್ತು ಈ ಎರಡನೆಯದರಲ್ಲೂ ಅವರ ಪಾಲಿಗೆ ಬರಲಿಲ್ಲ.