ಸಂಗಮದ ನೆಲ, ಬಸವಣ್ಣನವರ ಭಕ್ತಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಲೆಕ್ಕಪತ್ರದ ಜೋಡಿ ನಮ್ಮ ಭಾಗದ ಇತಿಹಾಸದ ನಾಲ್ಕು ಮಾತೂ ಇರಲಿ ಎಂದು ಹಿರಿಯರು ಅಪ್ಪಣೆ ಕೊಟ್ಟರು. ಹೂವಿನ ಹಿಪ್ಪರಗಿಯವರಾದ ನಾವು ಬಸವಣ್ಣನವರನ್ನು ಬಿಟ್ಟು ಬ್ಯಾರೆ ಏನು ಬರೆಯೋಣ?

ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ ಎಂದು ಕೆಲವರು, ತಾಯಿ ಮಾದಲಾಂಬಿಕೆಯ ತವರು ಇಂಗಳೇಶ್ವರದಲ್ಲಿ ಎಂದು ಕೆಲವರು ಹೇಳುತ್ತಾರೆ. ಎರಡೂ ನಮ್ಮ ತಾಲೂಕಿನ ಊರುಗಳೇ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಎಂದು ಕಲ್ಲಿನಲ್ಲೇ ಕೆತ್ತಿದೆ. ಮಡಿವಾಳ ಮಾಚಯ್ಯನವರ ದೇವರ ಹಿಪ್ಪರಗಿಯೂ ನಮಗೆ ದೂರದ್ದಲ್ಲ.

ಹರಿಹರ ಕವಿಯ ಬಸವರಾಜದೇವರ ರಗಳೆಯ ಪ್ರಕಾರ, ಬಸವಣ್ಣನವರು ಜನಿವಾರ ಕಿತ್ತೊಗೆದು, ಮನೆ ಬಿಟ್ಟು, ಕೃಷ್ಣಾ ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ ಬಂದರು. ದಿನಾಲು ನಸುಕಿನಲ್ಲೆದ್ದು ಹೂವು ಪತ್ರಿ ತಂದು ಸಂಗಮನಾಥನನ್ನು ಪೂಜಿಸಿದರು. ಕಡೆಗೆ ಸ್ವಾಮಿಯೇ ಕನಸಿನಲ್ಲಿ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದ. ಗುಡಿ ಬಿಟ್ಟು ಹ್ಯಾಂಗ ಹೋಗಲಿ ಎಂದು ಬಸವಣ್ಣನವರು ಕಣ್ಣೀರು ಹಾಕಿದರು. ಆಗ ನಂದಿಯ ಬಾಯಿಂದ ಲಿಂಗ ಬಂದು ಅವರ ಅಂಗೈಯಲ್ಲಿ ನೆಲೆಸಿತು.

ಈ ಕಥೆಯನ್ನು ನಾವು ಬರೀ ಪವಾಡ ಎಂದು ಓದಬಾರದು. ನೆಲದ ಮ್ಯಾಲಿನ ಪ್ರೀತಿ ಸುಳ್ಳಲ್ಲ, ಆದರೆ ದೇವರು ನೆಲಕ್ಕಷ್ಟೇ ಕಟ್ಟುಬಿದ್ದವನಲ್ಲ ಎಂಬುದು ಅದರ ತಿರುಳು. ಮುಂದೆ ಕಲ್ಯಾಣಕ್ಕೆ ಹೋದ ಮ್ಯಾಲೂ ಅವರು ತಮ್ಮ ವಚನಗಳಿಗೆ ಕೂಡಲಸಂಗಮದೇವನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ಕಲ್ಯಾಣದ ಗದ್ದಲದ ನಂತರ ಐಕ್ಯವಾದದ್ದೂ ಆ ಸಂಗಮದಲ್ಲೇ.

ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದಾಗ ಸಂಗಮಕ್ಕೆ ನೀರು ಬಂತು. ಐಕ್ಯಸ್ಥಳ ಮುಳುಗದಂತೆ ಸುತ್ತ ಬಾವಿಯ ಹಾಂಗ ಗೋಡೆ ಕಟ್ಟಿದರು. ಇಂದು ಮೆಟ್ಟಲಿಳಿದು ದರ್ಶನ ಪಡೆಯುತ್ತೇವೆ. ಆದರೆ ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳಿಗೆ ಅಂಥ ಗೋಡೆ ಬರಲಿಲ್ಲ. ಆ ಜನ ಹೊಸ ಊರಿನಲ್ಲಿ ಮತ್ತೆ ಗುಡಿ ಕಟ್ಟಿಕೊಂಡರು. ಹೊಲದ ಎರಿ ಮಣ್ಣನ್ನು ಮಾತ್ರ ತರಲಾಗಲಿಲ್ಲ. ಅವರ ತ್ಯಾಗದಿಂದ ನೀರು ಕಂಡವರು ಅದನ್ನು ಮರೆಯಬಾರದು.

ಪವಿತ್ರ ನೆಲವೆಂದರೆ ಗುಡಿಯ ನೆಲ ಖರೆ. ಬೆವರು ಸುರಿಸಿ ದುಡಿಯುವ ನೆಲವೂ ಅಷ್ಟೇ ಪವಿತ್ರ. ಕಾಯಕ, ದಾಸೋಹ ಎಂದರೆ ಇದೇ. ತಾಳೆಗರಿಯ ವಚನಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಹೊರತಂದ ಫ.ಗು. ಹಳಕಟ್ಟಿಯವರೇ 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ವಚನ ಮತ್ತು ಸಹಕಾರ ಅವರಿಗೆ ಎರಡಾಗಿರಲಿಲ್ಲ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಜಾತ್ರೆಗೆ ಪಟ್ಟಿ ಕೊಡುವಾಗ ಇರುವ ಭಕ್ತಿ, ಸಂಘದ ಸಾಲ ಮುಟ್ಟಿಸುವಾಗಲೂ ಇರಲಿ. ಒಬ್ಬರು ಕಟ್ಟಿದ ಕಂತು ಮತ್ತೊಬ್ಬರ ಬಿತ್ತಿಗಿಗೆ ಬೀಜವಾಗುತ್ತದೆ.