ಕಾಫಿ ಎಲೆಯ ಹಸಿರು ತಾಯಿಯ ಕಡೆಯದು

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಗಳಲ್ಲಿ ನೆರಳಿನ ಮರಗಳ ಕೆಳಗೆ ಬೆಳೆಯುವ ಕಾಫಿ ಮುಖ್ಯವಾಗಿ ಎರಡು ಜಾತಿಗೆ ಸೇರಿದೆ: ಅರೇಬಿಕಾ ಮತ್ತು ರೊಬಸ್ಟಾ. ಮಾರುಕಟ್ಟೆಯಲ್ಲಿ ಇವುಗಳ ಬೆಲೆ ಬೇರೆ, ರುಚಿ ಬೇರೆ. ಆದರೆ ಇವುಗಳ ನಡುವೆ ರಕ್ತಸಂಬಂಧವಿದೆ. ರೊಬಸ್ಟಾದ ಜೀವಕೋಶದಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44 ಇವೆ. ಆಫ್ರಿಕಾದಲ್ಲಿ ರೊಬಸ್ಟಾ ಜಾತಿಯ ಗಿಡವೂ ಯೂಜಿನಿಯಾಯ್ಡಿಸ್ ಎಂಬ ಕಾಡುಕಾಫಿಯೂ ತಾವಾಗಿಯೇ ಸಂಕರಗೊಂಡು, ಎರಡರ ವರ್ಣತಂತುಗಳೂ ಪೂರ್ಣವಾಗಿ ಉಳಿದು ಅರೇಬಿಕಾ ಹುಟ್ಟಿತು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದು ಸುಮಾರು 6 ಲಕ್ಷ ವರ್ಷಗಳ ಹಿಂದಿನ ಘಟನೆಯೆಂದು ಅಂದಾಜು ಮಾಡಿದೆ.

ಹಾಗಾದರೆ ತಾಯಿ ಯಾವುದು, ತಂದೆ ಯಾವುದು? ಕೋಶಕೇಂದ್ರದ ವರ್ಣತಂತುಗಳಲ್ಲಿ ಇಬ್ಬರ ಪಾಲೂ ಇರುವುದರಿಂದ ಅಲ್ಲಿ ಉತ್ತರ ಸಿಗದು. ಅದು ದೊರೆತದ್ದು ಎಲೆಗೆ ಹಸಿರು ಬಣ್ಣ ನೀಡುವ ಕ್ಲೋರೋಪ್ಲಾಸ್ಟ್ ಎಂಬ ಕಣದಂಗದಲ್ಲಿ.

ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಡಿಎನ್‌ಎ ಇದೆ. ಕಾರಣ, ಅದು ಒಂದು ಕಾಲಕ್ಕೆ ಸ್ವತಂತ್ರ ಜೀವಿಯಾಗಿತ್ತು. ಗದ್ದೆಯ ನೀರಿನಲ್ಲಿ ಕಾಣುವ ನೀಲಿಹಸಿರು ಪಾಚಿಯ ಪೂರ್ವಜವೊಂದು ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಮತ್ತೊಂದು ಜೀವಕೋಶದೊಳಗೆ ಸೇರಿ ಅಲ್ಲಿಯೇ ಉಳಿದುಬಿಟ್ಟಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಅದಕ್ಕೂ ಮೊದಲೇ ಹೀಗೆ ಬಂದು ಸೇರಿದ ಬೇರೊಂದು ಬ್ಯಾಕ್ಟೀರಿಯಾದ ಸಂತತಿ. ರಷ್ಯಾದ ಮೆರೆಷ್ಕೊವ್‌ಸ್ಕಿ 1905ರಲ್ಲಿಯೇ ಕ್ಲೋರೋಪ್ಲಾಸ್ಟ್ ಕುರಿತು ಇಂಥ ವಾದ ಮುಂದಿಟ್ಟಿದ್ದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ. ಅಮೆರಿಕದ ಲಿನ್ ಮಾರ್ಗ್ಯುಲಿಸ್ ಅವರ ಪ್ರಬಂಧವೂ ಹಲವು ಪತ್ರಿಕೆಗಳಿಂದ ತಿರಸ್ಕೃತವಾಗಿ 1967ರಲ್ಲಿ ಬೆಳಕು ಕಂಡಿತು. ಈ ಕಣದಂಗಗಳು ಬ್ಯಾಕ್ಟೀರಿಯಾಗಳಂತೆಯೇ ಇಬ್ಭಾಗವಾಗಿ ವೃದ್ಧಿಸುತ್ತವೆ. ಜೀವಕೋಶ ಅವನ್ನು ಹೊಸದಾಗಿ ನಿರ್ಮಿಸಲಾರದು. ಆದರೆ ಅವುಗಳ ಬಹುಪಾಲು ವಂಶವಾಹಿಗಳು ಕಾಲಕ್ರಮೇಣ ಕೋಶಕೇಂದ್ರಕ್ಕೆ ವರ್ಗವಾಗಿವೆ. ಅರೇಬಿಕಾದ ಕ್ಲೋರೋಪ್ಲಾಸ್ಟ್‌ನಲ್ಲಿ ಉಳಿದಿರುವುದು ನೂರಕ್ಕೆ ತುಸು ಹೆಚ್ಚು ಮಾತ್ರ. ಹೊರಗೆ ಬಿಟ್ಟರೆ ಅದು ಬದುಕಲಾರದು.

ಮೆಂಡಲ್ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್, ಆ ನಿಯಮಕ್ಕೆ ಒಗ್ಗದ ಸಂಗತಿಯೊಂದನ್ನು 1909ರಲ್ಲಿ ನಮ್ಮ ಹಿತ್ತಿಲುಗಳಲ್ಲಿಯೂ ಇರುವ ಸಂಜೆಮಲ್ಲಿಗೆಯಲ್ಲಿ ಕಂಡರು. ಪರಾಗ ಎಂಥ ಕೊಂಬೆಯದೇ ಆಗಿರಲಿ, ಬಿಳಿ ಕೊಂಬೆಯ ಹೂವಿನ ಬೀಜದಿಂದ ಬಿಳಿ ಸಸಿ, ಹಸಿರು ಕೊಂಬೆಯದರಿಂದ ಹಸಿರು ಸಸಿ. ಕ್ಲೋರೋಪ್ಲಾಸ್ಟ್ ಬರುವುದು ಅಂಡದ ಮೂಲಕ, ಪರಾಗದ ಮೂಲಕ ಅಲ್ಲ. ಕಾಫಿಯಲ್ಲಿಯೂ ಇದೇ ಕ್ರಮ. ಅರೇಬಿಕಾದ ಕ್ಲೋರೋಪ್ಲಾಸ್ಟ್ ಡಿಎನ್‌ಎ ಯೂಜಿನಿಯಾಯ್ಡಿಸ್‌ನದಕ್ಕೆ ಹೊಂದುತ್ತದೆ. ಅಂದರೆ ತಾಯಿ ಅದು, ರೊಬಸ್ಟಾ ತಂದೆ.

ಬೆರಳೆಣಿಕೆಯ ಗಿಡಗಳಿಂದ ಬೆಳೆದ ವಂಶವಾದ್ದರಿಂದ ಅರೇಬಿಕಾದಲ್ಲಿ ವೈವಿಧ್ಯ ತೀರಾ ಕಡಿಮೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಎಲೆ ತುಕ್ಕು ರೋಗ ಬಂದಾಗ ತೋಟಕ್ಕೆ ತೋಟವೇ ನೆಲಕಚ್ಚಿದ್ದು ಇದರಿಂದ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್. 795 ತಳಿಗೆ ರೋಗನಿರೋಧಕ ವಂಶವಾಹಿ ಬಂದದ್ದು ಲೈಬೀರಿಕಾ ಎಂಬ ಮೂರನೆಯ ಜಾತಿಯಿಂದ. ಆ ಶಕ್ತಿಯೂ ಈಗ ಕುಂದಿದೆ.

ಅರೇಬಿಕಾ ಸ್ವಪರಾಗಸ್ಪರ್ಶಿ, ಬೀಜದಿಂದ ಬೆಳೆಸಿದ ಗಿಡ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತದೆ. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ತೋಟದ ಅತ್ಯುತ್ತಮ ರೊಬಸ್ಟಾ ಗಿಡವನ್ನು ಗುರುತಿಸಿ ಬೀಜ ತೆಗೆದರೆ ಸಸಿಯ ಕ್ಲೋರೋಪ್ಲಾಸ್ಟ್‌ಗಳೆಲ್ಲ ಆ ಗಿಡದವೇ, ವರ್ಣತಂತುಗಳಲ್ಲಿ ಮಾತ್ರ ಅರ್ಧ ಪಾಲು ನೆರೆಯ ಯಾವುದೋ ಗಿಡದ್ದು. ಇಳುವರಿಯೂ ರೋಗನಿರೋಧವೂ ಹೆಚ್ಚಾಗಿ ಆ ವರ್ಣತಂತುಗಳನ್ನೇ ಅವಲಂಬಿಸಿವೆ. ಒಳ್ಳೆಯ ರೊಬಸ್ಟಾವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದರೆ ಬೀಜ ಸಾಲದು, ಕಸಿ ಕಟ್ಟಬೇಕು ಅಥವಾ ರೆಂಬೆಯ ತುಂಡಿಗೆ ಬೇರು ಬರಿಸಿ ನೆಡಬೇಕು.